ಮರದ ಮುಖ ಕೇಳಿದ ಕ್ಷಮೆ

ಆ ವಾದ ಗೆದ್ದವನು ನಾನೇ. ಅದರಲ್ಲಿ ಇವತ್ತಿಗೂ ಅನುಮಾನವಿಲ್ಲ. ಜರ್ಮನಿಯ ಅಬ್‌ಸ್ಟಾಟ್‌ನಲ್ಲಿ ನನ್ನ ಜೊತೆ ಫ್ಲ್ಯಾಟ್ ಹಂಚಿಕೊಂಡಿರುವ ಧಾರವಾಡದ ಗೆಳೆಯನ ತಾಯಿ ಬಂದಿದ್ದರು. ಮಗನಿಗೆ ಇಲ್ಲಿ ಕೆಲಸ ಸಿಕ್ಕಿದ್ದು ತಾವು ಮಾಡಿದ ಸೋಮವಾರದ ಉಪವಾಸದಿಂದ ಎಂದರು. ನಾನು ಕಾಲೇಜಿನ ಡಿಬೇಟ್ ಟೀಮಿನಲ್ಲಿದ್ದವನು. "ಆಂಟಿ, ತಾಯಿ ಉಪವಾಸ ಮಾಡಿಯೂ ಕೆಲಸ ಸಿಗದವರ ಕಥೆ ಏನು?" ಅಂತ ಕೇಳಿದೆ. ಅವರು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದರು.

ಅವರು ಊರಿಗೆ ಹೋದ ಮೇಲೆ ಗೆಳೆಯ ನನ್ನ ಜೊತೆ ಆಡುತ್ತಿದ್ದದ್ದು ಒಂದೇ ಮಾತು: "ಈ ವಾರ ಕೇರ್‌ವೋಖೆ ನಿಂದು." ಅಂದರೆ ಮೆಟ್ಟಿಲು ಗುಡಿಸುವ ಸರದಿ. ಎರಡು ತಿಂಗಳು ಹೀಗೇ ಹೋಯಿತು.

ಫೆಬ್ರವರಿಯಲ್ಲಿ ಮನೆ ಮಾಲೀಕರು ನಮ್ಮಿಬ್ಬರನ್ನೂ ಬ್ಲ್ಯಾಕ್ ಫಾರೆಸ್ಟ್ ಬೆಟ್ಟದ ತಮ್ಮ ಹಳ್ಳಿಯ ಫಾಸ್ನೆಟ್‌ಗೆ ಕರೆದರು. ಚಳಿಗಾಲವನ್ನು ಓಡಿಸುವ ಹಬ್ಬವಂತೆ. ಓಡಿಸದಿದ್ದರೂ ಹೋಗುತ್ತದೆ. ಆದರೆ ನಾನು ಬಾಯಿ ಬಿಡಲಿಲ್ಲ. ಅವರು ಹೇಳಿದ ಒಂದು ನಿಯಮ ನನಗೆ ಬೇಕಾಗಿತ್ತು: ಮುಖವಾಡ ಹಾಕಿದವರು ಯಾರಿಗೆ ಏನು ಬೇಕಾದರೂ ಅನ್ನಬಹುದು, ಒಳಗಿರುವುದು ಯಾರೆಂದು ಗೊತ್ತಾದರೂ ಬಾಯಿಬಿಟ್ಟು ಹೇಳುವಂತಿಲ್ಲ. ಹಾಗೆ ಕೇಳಿದ ಕ್ಷಮೆ ಸೋಲು ಅನ್ನಿಸಿಕೊಳ್ಳುವುದಿಲ್ಲ.

ಮಾಲೀಕರ ಅಪ್ಪ ಕೆತ್ತಿದ್ದ ಮರದ ಮುಖವಾಡ ನನಗೆ ಸಿಕ್ಕಿತು. ಗಿಣಿಮೂಗು, ಎರಡೇ ಹಲ್ಲು, ಒಳಗೆ ಯಾರದೋ ಹಳೆಯ ಉಸಿರಿನ ವಾಸನೆ. ಗೆಳೆಯ ತನಗೆ ಬೇಡವೆಂದು ಬೇಕರಿ ಮುಂದೆ ನಿಂತ. ಗಂಟೆ ಕುಲುಕಿಸುತ್ತ ಮೆರವಣಿಗೆ ಅಲ್ಲಿಗೆ ಬಂದಾಗ ನಾನು ಸಾಲು ಬಿಟ್ಟು ಅವನ ಹತ್ತಿರ ಹೋಗಿ ಕೀಚಲು ದನಿ ತೆಗೆದೆ. "ನಿಮ್ಮ ತಾಯಿಗೆ ಹಾಗೆ ಅಂದಿದ್ದು ತಪ್ಪು. ಕ್ಷಮಿಸಿ."

ಕನ್ನಡದಲ್ಲಿ ಅಂದೆ. ಆ ಇಡೀ ಬೆಟ್ಟದಲ್ಲಿ ಕನ್ನಡ ಬಲ್ಲವರು ಇಬ್ಬರು. ಒಬ್ಬ ಅವನು.

ಅವನ ಮುಖ ಅಲ್ಲಾಡಲಿಲ್ಲ. ನನ್ನದು ಅಲ್ಲಾಡುವ ಪ್ರಶ್ನೆಯೇ ಇರಲಿಲ್ಲ.

ವಾಪಸ್ ಬರುವ ರೈಲಿನಲ್ಲಿ ಅವನೇ ಮಾತು ತೆಗೆದ. "ಅಲ್ಲಲೇ, ಇವತ್ತ ಒಬ್ಬಾಂವ ಬಂದು ನಮ್ಮವ್ವನ ಸಲುವಾಗಿ ಕ್ಷಮಾ ಕೇಳಿದ. ಭಾಳ ಸಂಭಾವಿತ. ಯಾರಂತ ಗೊತ್ತಾಗಲಿಲ್ಲ."

"ಹಳ್ಳಿಯವರು ಯಾರೋ ಇರಬೇಕು," ಅಂದೆ.

"ಇರಬೇಕು. ಕನ್ನಡ ಛಲೋ ಕಲ್ತಾನ. ಸ್ವಲ್ಪ ಮೈಸೂರು ಕಡೀದು."

ಆಮೇಲೆ ತಾಯಿಗೆ ವಿಡಿಯೋ ಕಾಲ್ ಹಚ್ಚಿ ಫೋನನ್ನು ನನ್ನ ಕೈಗಿಟ್ಟ. "ಅಂವ ಇನ್ನೂ ಅಲ್ಲೇ ಕುಣೀಲಿಕ್ಕತ್ತಿರಬೇಕು. ಅವ್ವಗ ನೀನೇ ಹೇಳು."

ಆಗುವುದಿಲ್ಲ ಅನ್ನಲು ನನ್ನ ಬಳಿ ಮೂರು ಪಾಯಿಂಟ್ ಇದ್ದವು. ಮೊದಲನೆಯದು ಶುರುವಾಗುವ ಮೊದಲೇ ಪರದೆಯ ಮೇಲೆ ಅವರ ಮುಖ ಬಂತು.

"ಊಟ ಆತೇನಪಾ?"

ಮುಖವಾಡವನ್ನು ಆಗಲೇ ವಾಪಸ್ ಕೊಟ್ಟಾಗಿತ್ತು.

"ಇನ್ನೂ ಇಲ್ಲ ಆಂಟಿ. ಅವತ್ತು ನಾನು ಹಾಗೆ ಅಂದಿದ್ದು ತಪ್ಪು," ಅಂದೆ, ನನ್ನದೇ ದನಿಯಲ್ಲಿ.