ಹೆಣಕ್ಕೆ ಅಂಟಿದ ಮರಿ

ಗಂಗಾವತಿಯಿಂದ ಹೊಳೆಯ ಕಡೆ ಹೋದರೆ ಬರೀ ಬಂಡೆಗುಡ್ಡ. ಅಂಥ ಒಂದು ಗುಡ್ಡದ ಬುಡದಲ್ಲಿ ನಮ್ಮೂರು. ಗುಡ್ಡ ಹತ್ತುವ ಕಾಲುದಾರಿಯಲ್ಲಿ ನಾನು ಕಟ್ಟಿಗೆಗೆ ಹೋಗುತ್ತಿದ್ದೆ. ದಾರಿಯುದ್ದಕ್ಕೂ ಮುಸುವಗಳು, ಕರಿ ಮುಖದ, ಉದ್ದ ಬಾಲದ ಕೋತಿಗಳು. ಮೇಲಿನ ಗುಡಿಗೆ ಹೋಗುವವರು ಅವಕ್ಕೆ ಬಾಳೆಹಣ್ಣು ಕೊಟ್ಟು ಕೈ ಮುಗಿಯುತ್ತಿದ್ದರು. ನಾನು ಹಣ್ಣೂ ಕೊಡಲಿಲ್ಲ, ಕೈಯೂ ಮುಗಿಯಲಿಲ್ಲ. ಅವು ನನ್ನ ಬುತ್ತಿ ಕಸಿದಿದ್ದವು, ನಾನು ಕಲ್ಲು ಬೀಸಿದ್ದೆ. ನಮ್ಮ ಪರಿಚಯ ಅಷ್ಟೇ.

ಎಪ್ಪತ್ತರ ದಶಕದ ಕೊನೆ ಇರಬೇಕು. ನನ್ನ ಮಗಳು ಎಂಟು ತಿಂಗಳ ಕೂಸು, ಇನ್ನೂ ನನ್ನ ಮೊಲೆ ಕುಡಿಯುತ್ತಿದ್ದಳು. ಹುಣಸೆಕಾಯಿಗೆ ಊರೊಳಗೆ ಇಳಿದಿದ್ದ ಒಂದು ಹೆಣ್ಣು ಮುಸುವವನ್ನು ನಾಯಿಗಳು ಹಿಡಿದವು. ಗಂಡಸರು ಓಡಿಸುವಷ್ಟರಲ್ಲಿ ಅದು ಸತ್ತಿತ್ತು. ಹೊಟ್ಟೆಗೆ ಅಂಟಿಕೊಂಡ ಮರಿ ಮಾತ್ರ ಬದುಕಿತ್ತು. ಕಪ್ಪು ಮರಿ, ಅಂಗೈಗಿಂತ ಒಂದಿಷ್ಟು ದೊಡ್ಡದು.

ಮುಸುವ ಸತ್ತರೆ ಹನುಮಪ್ಪನೇ ಎಂದು ಮೆರವಣಿಗೆ ಮಾಡಿ ಮಣ್ಣು ಕೊಡುವುದು ನಮ್ಮ ಕಡೆಯ ಪದ್ಧತಿ. ಕುರ್ಚಿ ತಂದು ಹೆಣವನ್ನು ಕೂಡಿಸಿದರು, ಮಾಲೆ ಹಾಕಿದರು, ಗುಲಾಲು ಹಚ್ಚಿದರು. ಮರಿ ತಾಯಿಯನ್ನು ಬಿಡಲೇ ಇಲ್ಲ, ಸತ್ತ ಮೊಲೆ ಚೀಪುತ್ತಲೇ ಇತ್ತು. ಅದನ್ನು ಕಂಡು ಹೆಂಗಸರು ಕಣ್ಣು ಒರೆಸಿಕೊಂಡರು. ಯಾರೋ ಹೆಣದ ಬಾಯಿಗೆ ಹಾಲು ಬಿಟ್ಟರು. ಅದು ಎದೆಯ ಮೇಲೆ ಇಳಿಯಿತು, ಮರಿ ಅದನ್ನು ಕೂದಲಿಂದ ನೆಕ್ಕಿತು. ಉಳಿದ ಮುಸುವಗಳು ಗುಡ್ಡದ ಅಂಚಿನ ಬಂಡೆಯ ಮೇಲೆ ಕೂತು ನೋಡುತ್ತಿದ್ದವು. ಭಜನೆಯ ಡೋಲಿನ ಸದ್ದಿಗೆ ಹೆದರಿ ಒಂದೂ ಇಳಿಯಲಿಲ್ಲ.

ಭಜನೆ ಮೇಳದ ಹಿರಿಯನೊಬ್ಬ ಸಂಬಂಧದಲ್ಲಿ ನನಗೆ ಮಾವ. ಅವನಿಗೆ ಹೇಳಿದೆ, "ಮಾವ್ರ, ಮರಿ ಹಸದೈತ್ರಿ. ಡೋಲು ನಿಲ್ಸ್ರಿ, ಅದರ ಮಂದಿ ಬಂದು ಒಯ್ತಾವ."

"ದೇವರ ಮುಂದ ಭಜನಿ ನಿಲ್ಸು ಅಂತೀಯೇನ? ಅದು ಹಸಿವಲ್ಲ ಯವ್ವಾ, ಭಕ್ತಿ."

"ಭಕ್ತಿ ಹಂಗ ಮಲಿ ಚೀಪಂಗಿಲ್ರಿ. ಮಣ್ಣು ಕೊಡೂಮುಂದ ಏನ್ ಮಾಡ್ತೀರಿ? ಅದನ್ನೂ ಕೂಡೇ ಹುಗೀತೀರೇನು?"

ಅಷ್ಟು ದೂರ ಯಾರೂ ಯೋಚಿಸಿರಲಿಲ್ಲ. "ಆವಾಗ ತಾನ ಬಿಡ್ತೈತಿ" ಎಂದು ಮಾವ ತಾಳ ಎತ್ತಿಕೊಂಡ.

ನಾನೇ ಹೋಗಿ ಮರಿಯ ಬೆರಳು ಒಂದೊಂದಾಗಿ ಬಿಡಿಸಿದೆ. ಅದು ನನ್ನ ಹೆಬ್ಬೆರಳು ಕಚ್ಚಿತು. ಕೂಸನ್ನು ಎತ್ತಿಕೊಂಡಿದ್ದ ನನ್ನ ಅತ್ತೆ ಹಿಂದಿನಿಂದ ಕೂಗಿದಳು, "ಹೆಣ ಮುಟ್ಟಿದೆಲ್ಲೇ ಹುಚ್ಚಿ! ಕೂಸಿಗೆ ಕುಡಸಾಕಿ ನೀ!"

"ಬಂದು ಜಳಕ ಮಾಡ್ತೀನಿ ಅತ್ತಿ, ಕೂಸಿನ್ನ ನೋಡ್ಕೊ."

ಸೆರಗಿನಲ್ಲಿ ಸುತ್ತಿಕೊಂಡು ಗುಡ್ಡ ಹತ್ತಿದೆ. ಹಾಲಿನ ವಾಸನೆ ಹಿಡಿದು ಅದು ನನ್ನ ಕುಪ್ಪಸಕ್ಕೆ ಬಾಯಿ ಹಾಕಿತು. ನಾನು ಕುಡಿಸಲಿಲ್ಲ. ಅದಕ್ಕೆ ಹಲ್ಲಿದ್ದವು.

ಬಂಡೆಯ ಹತ್ತಿರ ಹೋದಾಗ ದೊಡ್ಡ ಗಂಡು ಹಲ್ಲು ಕಿಸಿದು ಗದರಿತು. ಮರಿಯನ್ನು ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದು ಕಾರೆ ಗಿಡದ ಮರೆಯಲ್ಲಿ ಕೂತೆ. ಕೆಳಗೆ ಡೋಲು ನಿಲ್ಲುವವರೆಗೂ ಯಾವುದೂ ಹತ್ತಿರ ಬರಲಿಲ್ಲ. ಮರಿ ಕಿರುಚಿ ಕಿರುಚಿ ದನಿ ಕಳೆದುಕೊಂಡಿತು. ಸದ್ದು ಅಡಗಿದ ಮೇಲೆ ಒಂದು ಎಳೆ ಹೆಣ್ಣು ಬಂದು ಅದನ್ನು ತಲೆಕೆಳಗಾಗಿ ಎತ್ತಿಕೊಂಡಿತು. ಇನ್ನೊಂದು ಕಿತ್ತುಕೊಂಡಿತು. ಎರಡೂ ಬಂಡೆಯ ಆಚೆ ಹೋದವು. ಎಳೆಯದಕ್ಕೆ ಹಾಲಿರಲಿಲ್ಲ, ಅದು ಖಾತ್ರಿ. ಇನ್ನೊಂದರದು ಗೊತ್ತಾಗಲಿಲ್ಲ.

ಊರಿಗೆ ಇಳಿದರೆ ಮಾವ ಕಟ್ಟೆಯ ಮೇಲೆ ಕೂತಿದ್ದ. "ಬಂದಳಪ್ಪಾ ಹನುಮಪ್ಪನ ಸೂಲಗಿತ್ತಿ!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಹೋಗಿ ಜಳಕ ಮಾಡಿದೆ.

ಮನೆಯಲ್ಲಿ ಕಟ್ಟಿಗೆ ಇದ್ದರೂ ಮರುದಿನ ಗುಡ್ಡಕ್ಕೆ ಹೋದೆ. ಅದರ ಮರುದಿನವೂ ಹೋದೆ. ಮುಸುವಗಳು ಆಚೆ ಬದಿಗೆ ಹೋಗಿದ್ದವು. ನಾಲ್ಕನೆಯ ದಿನ ದಾರಿಯ ಪಕ್ಕದ ಆಲದಲ್ಲಿ ಕಂಡವು. ಕೆಳಗಿನ ಕೊಂಬೆಯ ಮೇಲೆ ಒಂದು ಹೆಣ್ಣು ಕೂತಿತ್ತು, ಎರಡು ಮೊಲೆಗೆ ಎರಡು ಮರಿ. ಎರಡೂ ಕಪ್ಪು, ಎರಡೂ ಒಂದೇ ಅಳತೆ. ನಾನು ಒಯ್ದದ್ದು ಯಾವುದೆಂದು ನನಗೆ ಗೊತ್ತಾಗಲಿಲ್ಲ. ಆ ಹೆಣ್ಣಿಗೂ ಗೊತ್ತಿದ್ದಂತೆ ಕಾಣಲಿಲ್ಲ, ಸುಮ್ಮನೆ ಕುಡಿಸುತ್ತ ಆಲದ ಚಿಗುರು ತಿನ್ನುತ್ತಿತ್ತು.