ಹುಸಿಗಲ್ಲಿನ ಹಿಂದಿನ ಅಕ್ಷರ

ಮಲ್ಲಪ್ಪನವರೇ, ಹಳೇಬೀಡಿನ ನಿಮ್ಮ ಮನೆಯ ಮುಂಗೋಡೆಗೆಲ್ಲ ಕಲ್ಲಿನಂತೆ ಕಾಣುವ ಹೊದಿಕೆ ಹಾಕಿಸಿ ಎಂದು ನಾನು ಹೇಳಿದ್ದು ಗೋಡೆಯ ಅಂದಕ್ಕಾಗಿ ಅಲ್ಲ. ಆ ಗೋಡೆಯಲ್ಲಿದ್ದ ಶಾಸನದ ಕಲ್ಲು ಇನ್ನು ಯಾರ ಕಣ್ಣಿಗೂ ಬೀಳದಿರಲಿ ಎಂದು. ಆರು ವರ್ಷವಾಯಿತು. ‘ಆರು’ ಎಂದು ಬರೆಯುವ ಮುನ್ನ ದಿನಚರಿ ತೆಗೆದು ನೋಡಿದೆ — ಆರೇ. ಇಷ್ಟು ಕಟ್ಟುನಿಟ್ಟಿನ ಮನುಷ್ಯ ಅಂಥದ್ದನ್ನು ಹೇಗೆ ಮಾಡಿದ ಎಂಬುದು ನನಗೆ ಇಂದಿಗೂ ಸೋಜಿಗ.

ಆ ಕಲ್ಲು ನಿಮ್ಮ ತಾತ ಹುಲಿಕೆರೆಯ ಹೊಲದಿಂದ ತಂದು ಬಾಗಿಲ ಪಕ್ಕ ಕೂರಿಸಿದ್ದು. ಅದರ ಮೇಲಿದ್ದುದು ಯಾರೋ ಒಬ್ಬರು ಕೆರೆಗೆ ಭೂಮಿ ಬಿಟ್ಟ ಸಂಗತಿ. ಜೊತೆಗೆ ಸಂವತ್ಸರ, ತಿಥಿ, ವಾರ. ಸಂವತ್ಸರದ ಹೆಸರಿನಲ್ಲಿ ಮೊದಲ ಅಕ್ಷರ ಸವೆದು ‘ಭವ’ ಮಾತ್ರ ಸ್ಪಷ್ಟವಾಗಿತ್ತು. ಪ್ರಭವವೋ, ಅದರ ಮರುವರ್ಷದ ವಿಭವವೋ? ನಿಮ್ಮ ತಂದೆ ಸಿದ್ದಪ್ಪನವರು ನನ್ನೆದುರೇ ಅಕ್ಷರದ ಬುಡದಲ್ಲಿ ಬೆರಳಾಡಿಸಿ ಹೇಳಿದ್ದರು: “ಪ್ರಭವ ಕಣ್ರೀ ಮೇಷ್ಟ್ರೇ. ಇಲ್ಲೊಂದು ಕೊಂಕು ಐತೆ, ಬೆರಳಿಗೆ ಸಿಗ್ತೈತೆ.”

ಆ ಕೊಂಕು ನನ್ನ ಕಣ್ಣಿಗೆ ಕಾಣಲಿಲ್ಲ; ನನ್ನ ಲೇಖನದಲ್ಲಿ ‘ವಿಭವ’ ಎಂದು ಅಚ್ಚುಮಾಡಿಸಿದೆ. ಆ ವರ್ಷಕ್ಕೆ ತಿಥಿಯೂ ವಾರವೂ ಹೊಂದುತ್ತಿರಲಿಲ್ಲ. ಪ್ರಭವಕ್ಕೆ ಲೆಕ್ಕ ಹಾಕಿ ನೋಡದೆಯೇ ಅದಕ್ಕೊಂದು ಅಡಿಟಿಪ್ಪಣಿ ಹಾಕಿದೆ — ‘ಕಂಡರಿಸಿದವನ ತಪ್ಪು’. ಶಾಸನ ಓದುವ ನಮ್ಮ ಕೆಲಸದಲ್ಲಿ ಇದೊಂದು ಅನುಕೂಲ. ಓದು ಕೈಕೊಟ್ಟಾಗ ತಪ್ಪನ್ನು ಶತಮಾನಗಳ ಹಿಂದೆ ಸತ್ತ ಕಲ್ಲುಕುಟಿಗನ ತಲೆಗೆ ಕಟ್ಟಬಹುದು; ಅವನು ಎದ್ದು ಬಂದು ಆಕ್ಷೇಪಿಸುವುದಿಲ್ಲ.

ಆ ಲೇಖನವನ್ನು ನಿಮ್ಮ ಜಗುಲಿಯ ಮೇಲೆ ಕುಳಿತು ಓದಿದೆ. ನೀವು ನಕ್ಕು, “ಬಿಡಪ್ಪೋ, ಮೇಷ್ಟ್ರು ಓದಿರೋದು ಸುಳ್ಳಾಗ್ತದಾ?” ಅಂದಿರಿ. ಸಿದ್ದಪ್ಪನವರು ತಮ್ಮ ಬೆರಳನ್ನೇ ನೋಡಿಕೊಂಡರು. “ಹಂಗಾರೆ ಇದೇ ಸುಳ್ಳು ಹೇಳ್ತು ಬಿಡು.” ಮತ್ತೆ ಅವರು ಆ ಕಲ್ಲು ಮುಟ್ಟಿದ್ದನ್ನು ನಾನು ಕಾಣಲಿಲ್ಲ. ಮರುವರ್ಷ ತೀರಿಕೊಂಡರು.

ಆಮೇಲೆ ಮನೆ ರಿಪೇರಿ ಶುರುವಾಯಿತು. ಹೊದಿಕೆ ಆರಿಸಲು ನಿಮ್ಮೊಡನೆ ಅರಸೀಕೆರೆಗೆ ಹೋಗುವ ಹಿಂದಿನ ದಿನ ಬೆಳಿಗ್ಗೆ ನಿಮ್ಮ ಮನೆಗೆ ಬಂದಿದ್ದೆ. ಗಾರೆಯವನು ಗೋಡೆಗೆ ನೀರು ಎರಚಿ ಉಜ್ಜಿದ್ದ. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಒದ್ದೆ ಕಲ್ಲಿನ ಮೇಲೆ, ಆ ಅಕ್ಷರದ ಬುಡದಲ್ಲಿ, ಒಂದು ಕೊಂಕು — ‘ಪ್ರ’ದ ರಕಾರದ ಒತ್ತು. ಮನೆಗೆ ಹೋಗಿ ಪ್ರಭವಕ್ಕೆ ಲೆಕ್ಕ ಹಾಕಿದೆ. ತಿಥಿ ಕೂಡಿತು, ವಾರ ಕೂಡಿತು. ಮೂರು ಸಲ ಹಾಕಿದೆ —

ಮರುದಿನ ಅಂಗಡಿಯಲ್ಲಿ ಇದನ್ನು ನಿಮಗೆ ಹೇಳದೆ ಮಾದರಿಗಳನ್ನು ತಿರುವಿ ನೋಡುತ್ತಿದ್ದೆ. ನಿಮ್ಮ ಮನೆಯವರು ಗೌರಮ್ಮನವರು ಕಪ್ಪು ಮಾದರಿಯನ್ನು ದೂರ ತಳ್ಳಿ, “ಇದು ಬ್ಯಾಡ ಕಣ್ರೀ, ದೇವಸ್ಥಾನ ಅಂದ್ಕಂಡು ಜನ ಚಪ್ಪಲಿ ಬಿಟ್ಟು ಒಳಕ್ಕೆ ಬತ್ತಾರೆ” ಅಂದರು. “ಹಳೇಬೀಡಲ್ಲಿದ್ಕಂಡು ಸಿಮೆಂಟಿನ ಕಲ್ಲು ತಗಂಡ್ರೆ ಗುಡಿ ಗೋಡೆ ಆನೆಗಳೂ ನಗ್ತವೆ” ಎಂದು ನೀವು. ನಾನೂ ನಕ್ಕೆ. ಬೂದುಬಣ್ಣದ, ಒರಟು ಮೈಯ ಫಲಕ ಒಪ್ಪಿಗೆಯಾಯಿತು. ಆಗ ನೀವು ಕೇಳಿದಿರಿ: “ಅಪ್ಪನ ಕಲ್ಲು ಹಂಗೇ ಕಾಣ್ಲಿ, ಸುತ್ತಾ ಹಾಕ್ಸಾನ. ಏನಂತೀರಿ ಮೇಷ್ಟ್ರೇ?”

“ಪೂರ್ತಿ ಮುಚ್ಚಿಸಿ. ಮಳೆಗೆ ಸವೆಯುವುದಾದರೂ ತಪ್ಪುತ್ತದೆ.”

ನೀವು ನಂಬಿದಿರಿ. ಕೆಲಸ ನಡೆಯುವಾಗ ನಾನೇ ನಿಂತು, ಆ ಜಾಗದಲ್ಲಿ ಮಾತ್ರ ಅಂಟು ಬಳಸದೆ ಚೌಕಟ್ಟಿಗೆ ಸ್ಕ್ರೂ ಹಾಕಿಸಿದೆ, ಕಲ್ಲಿಗೂ ಫಲಕಕ್ಕೂ ನಡುವೆ ಎರಡು ಬೆರಳಿನಷ್ಟು ಅಂತರ ಬಿಡಿಸಿದೆ. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಏನನ್ನು ಮುಚ್ಚುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಅಲ್ಲಿಂದೀಚೆಗೆ ನಿಮ್ಮಲ್ಲಿಗೆ ಬಂದಾಗಲೆಲ್ಲ ಕಾಫಿ ಕುಡಿಯುತ್ತಾ ಆ ಗೋಡೆಯನ್ನೇ ಓದುತ್ತಿರುತ್ತೇನೆ. ಪ್ರತಿ ಆರನೆಯ ಫಲಕಕ್ಕೆ ಅದೇ ಬಿರುಕು, ಬಲತುದಿಯಲ್ಲಿ ಅದೇ ಚಕ್ಕೆ. ಅಚ್ಚಿನಲ್ಲಿ ಎರಕ ಹೊಯ್ದದ್ದು, ತಪ್ಪುವುದಿಲ್ಲ. ಆದರೆ ಉಳಿ ಹಿಡಿದ ಆ ಮನುಷ್ಯನೂ ತಪ್ಪಿರಲಿಲ್ಲವಲ್ಲ — ಅವನ ಮೇಲೆ ತಪ್ಪು ಹೊರಿಸಿದವನು ನಾನು. ಒಂದೇ ಒಂದು ವರ್ಷದ ವ್ಯತ್ಯಾಸ. ಅಷ್ಟಕ್ಕಾಗಿ ಒಬ್ಬ ಮುದುಕರು ತಮ್ಮ ಬೆರಳನ್ನೇ ನಂಬದೆ ಹೋದರು. ನಿಜ ತಿಳಿದ ಮೇಲೂ ನಾನು ಅವರ ಮಗನಿಗೆ —

ತಿದ್ದುಪಡಿಯನ್ನು ಬರೆದಿದ್ದೇನೆ. ಅಚ್ಚಿಗೆ ಕಳಿಸುವ ಮುನ್ನ ನಿಮಗೆ ತಿಳಿಯಬೇಕಿತ್ತು. ಅದರಲ್ಲಿ ಮೊದಲ ಸಾಲಿನಲ್ಲೇ ಸಿದ್ದಪ್ಪನವರ ಹೆಸರಿದೆ: ಸರಿಯಾಗಿ ಓದಿದವರು ಅವರು.

ಬಾಗಿಲ ಎಡಗಡೆ, ಎದೆಯೆತ್ತರದ ಫಲಕ, ನಾಲ್ಕು ಸ್ಕ್ರೂ. ನೀವು ಬರಬೇಡಿ ಎಂದರೆ ಬರುವುದಿಲ್ಲ. ಆದರೆ ಅದನ್ನು ಬಿಚ್ಚಿಸಿ. ಮೇಲಿನಿಂದ ಎರಡನೆಯ ಸಾಲು, ‘ಭವ’ದ ಹಿಂದಿನ ಅಕ್ಷರ. ಅದರ ಬುಡದಲ್ಲಿ ಬೆರಳಿಟ್ಟು ನೋಡಿ.