ಕೆಂಪಣ್ಣ ಹಗಲು ಮಲಗಿದ್ದು

ನಾನು ಚಿಕ್ಕವಳಿದ್ದ ಆ ದಿನಗಳಲ್ಲಿ ಹನುಮಂತನಪಟ್ಟಿಯ ಮಾರ್ಗಳಿಯ ಚಳಿ ತಿಂಗಳಿಗೆ ಎರಡು ವಾಸನೆಗಳಿದ್ದವು. ಒಂದು ಮಂಜಿನಲ್ಲಿ ನೆನೆದ ಭತ್ತದ ಹುಲ್ಲಿನದು. ಇನ್ನೊಂದು ನಮ್ಮ ಮನೆಯೊಳಗಿನದು: ಕ್ರಿಸ್ಮಸ್ಸಿಗೆಂದು ಅಮ್ಮ ತಾಳೆಬೆಲ್ಲದ ಕರುಪಟ್ಟಿ ಕರಗಿಸಿ ಹುಯ್ಯುತ್ತಿದ್ದ ಪಣಿಯಾರದ್ದು. ಬೆಟ್ಟದಾಚೆಯ ನದಿಗೆ ಅಣೆಕಟ್ಟು ಕಟ್ಟಿ ತಿರುಗಿಸಿದ ನೀರು ಕಣಿವೆಗೆ ಹರಿದು ಬಂದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ದೊಡ್ಡವರು ಎಲ್ಲಿ ಕೂತರೂ ನೀರಿನ ಸರದಿಯ ಮಾತೇ. ನಾವು ಹುಡುಗಿಯರು ಜಗಲಿಯ ಮೇಲೆ ಹುಣಸೆ ಬೀಜ ಹಾಕಿ ಅಳಿಗುಳಿ ಆಡುತ್ತಿದ್ದೆವು. ಆ ಚಳಿಯಲ್ಲಿ ಬೆರಳು ಮರಗಟ್ಟಿ ಬೀಜ ಜಾರಿದರೆ, ಮೋಸ ಮಾಡಿದೆ ಎಂದು ಜಗಳವಾಗುತ್ತಿತ್ತು. ಹಾಗೆ ಜಗಳವಾಡಿದವರಲ್ಲಿ ಕೆಲವರು ಈಗಲೂ ಇದ್ದಾರೆ.

ನಮ್ಮದು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ದನಗಳನ್ನು ಹೊಡೆದುಕೊಂಡು ಉತ್ತರದಿಂದ ಬಂದವರಂತೆ. ಆ ದನಗಳ ಸಂತತಿಯನ್ನು ನಮ್ಮವರು ದೇವರ ಮಂದೆ ಎಂದು ಸಾಕುತ್ತಿದ್ದರು. ಆ ಹಸುಗಳನ್ನು ನೊಗಕ್ಕೆ ಕಟ್ಟುವಂತಿಲ್ಲ, ಮಾರುವಂತಿಲ್ಲ, ಅವುಗಳ ಮೇಲೆ ಕೋಲು ಎತ್ತುವಂತಿಲ್ಲ. ಯಾರದಾದರೂ ಪೈರಿಗೆ ನುಗ್ಗಿದರೆ ಹೊಲದವನು ಕೈಮುಗಿದು ನಿಲ್ಲಬೇಕು. ಮಂದೆ ಕಾಯುವವನು ಹೆಸರು ಹಿಡಿದು ಕೂಗಿ ಕರೆದುಕೊಂಡು ಹೋಗಬೇಕು. ಇನ್ನೊಂದು ಪದ್ಧತಿ ಕಂಬಳಿಯದು. ನಮ್ಮವರ ನ್ಯಾಯ ತೀರ್ಮಾನವೆಲ್ಲ ಬೇವಿನ ಮರದ ಕೆಳಗೆ ಕಂಬಳಿ ಹಾಸಿ, ಅದರ ಮೇಲೆ ನೀರಿನ ಚೊಂಬು ಇಟ್ಟು ನಡೆಯುತ್ತಿತ್ತು. ಕಂಬಳಿಯಿಂದ ಇಳಿಸಿದರೆಂದರೆ ಆ ಮನುಷ್ಯನಿಗೆ ಊರಲ್ಲಿ ಯಾರೂ ನೀರು ಕೊಡುವುದಿಲ್ಲ, ಬೆಂಕಿ ಕೊಡುವುದಿಲ್ಲ.

ನಾವು ಮಾತ್ರ ಕಂಬಳಿಯ ಮೇಲೆ ಕೂರುತ್ತಿರಲಿಲ್ಲ. ಅಜ್ಜಿ ತೀರಿಕೊಂಡ ವರ್ಷ ತಾತನೂ ಅಪ್ಪನೂ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾಗಿ, ಊರಿನ ಬಾಯಲ್ಲಿ ವೇದಕಾರರಾಗಿದ್ದರು. ತಾತನಿಗೆ ಯಾಕೋಬ ಎಂಬ ಹೆಸರು ಬಂತು. ಊರಿಗೆ ಅವನು ರಂಗಪ್ಪನೇ.

ತಿಂಗಳಿಗೊಮ್ಮೆ ಕುದುರೆಯ ಮೇಲೆ ಪಾದ್ರಿಗಳು ಬಂದು ನಮ್ಮ ಹುಲ್ಲಿನ ಮಾಡಿನ ಗುಡಿಯಲ್ಲಿ ಪ್ರಭುಭೋಜನ ನಡೆಸಿ ಎಲ್ಲರಿಗೂ ರೊಟ್ಟಿ ಹಂಚುತ್ತಿದ್ದರು. ರೊಟ್ಟಿಯ ತಟ್ಟೆ ಹತ್ತಿರ ಬರುವ ಹೊತ್ತಿಗೆ ತಾತ ಏಳುತ್ತಿದ್ದ. "ಎತ್ತಿಗೆ ನೀರಿಕ್ಕಿ ಬತ್ತೀನಿ" ಎಂದು ಹೊರಗೆ ಹೋದರೆ ಕಡೆಯ ಹಾಡು ಮುಗಿದ ಮೇಲೇ ಕಾಣಿಸುವುದು. ತಾತನ ಎತ್ತುಗಳಿಗೆ ಸರಿಯಾಗಿ ಆಗಲೇ ಬಾಯಾರಿಕೆ ಎಂದು ನಾವು ಮಕ್ಕಳು ನಗುತ್ತಿದ್ದೆವು.

ಅದನ್ನು ಗಮನಿಸಿದ್ದ ಇನ್ನೊಬ್ಬರೆಂದರೆ ನಮ್ಮ ಉಪದೇಶಿಯವರು. ಪಾದ್ರಿಗಳಿಲ್ಲದ ವಾರಗಳಲ್ಲಿ ಪ್ರಾರ್ಥನೆ ನಡೆಸುತ್ತಿದ್ದವರು ಅವರೇ. ಕ್ರಿಸ್ಮಸ್ಸಿನ ಮುಂಚೆ ಒಂದು ಸಂಜೆ ನಮ್ಮ ಜಗಲಿಗೆ ಬಂದು ಕೂತರು. ಅವರ ಮಾತೆಲ್ಲ ತಮಿಳು, ತಾತನ ಉತ್ತರವೆಲ್ಲ ಕನ್ನಡ. ಇಬ್ಬರಿಗೂ ಅದು ವಿಚಿತ್ರವೆನಿಸುತ್ತಿರಲಿಲ್ಲ. ಅಮ್ಮ ಪಣಿಯಾರ ತಂದಿಟ್ಟಳು. ಒಂದನ್ನು ತಿಂದು ಕೈ ಒರೆಸಿಕೊಂಡು ಅವರು ಕೇಳಿದರು: "ಯಾಕೋಬಣ್ಣ, ರೊಟ್ಟಿ ಕಂಡರೆ ನಿಮ್ಮ ಎತ್ತುಗಳಿಗೆ ಏನಾಗುತ್ತದೆ?"

ನಾನು ಕಿಸಕ್ಕನೆ ನಕ್ಕೆ. ತಾತ ನಗಲಿಲ್ಲ. ಜಗಲಿಯ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜುತ್ತ, ನಮ್ಮೆಲ್ಲರ ಎದುರಿಗೇ ಹೇಳಿದ.

ಅಪ್ಪ ಇನ್ನೂ ಹುಡುಗನಾಗಿದ್ದ ಕಾಲ. ತಾತ ಸಜ್ಜೆ ಹೊಲದ ಅಟ್ಟಣೆಯ ಮೇಲೆ ಕವಣೆ ಹಿಡಿದು ಕಾವಲಿದ್ದ. ಹೊತ್ತು ಮುಳುಗುವಾಗ ತೆನೆಗಳ ನಡುವೆ ಕಂದು ಬಣ್ಣದ್ದೇನೋ ಅಲುಗಾಡಿತು. ಬೆಟ್ಟದ ಹಂದಿ ಎಂದುಕೊಂಡು ಕಲ್ಲು ಬೀಸಿದ. ಹೆದರಿ ಓಡಿದ್ದು ಹಂದಿಯಲ್ಲ, ದೇವರ ಮಂದೆಯ ಹಸು. ಹೊಲದಂಚಿನ ಹಳ್ಳಕ್ಕೆ ಉರುಳಿ ಕತ್ತು ಮುರಿದುಕೊಂಡಿತು. ತಾತ ಇಳಿದು ಹೋಗಿ ನೋಡಿದ. ಜೀವವಿರಲಿಲ್ಲ. ಹತ್ತಿ ಬಂದು ಮನೆಗೆ ಹೋಗಿ ಉಂಡು ಮಲಗಿದ.

ಮಾರನೆಯ ದಿನ ಮಂದೆ ಕಾಯುವ ಕೆಂಪಣ್ಣನನ್ನು ಕರೆಸಿದರು. ತಾತನ ವಾರಗೆಯವನು, ಕೂಡಿ ಆಡಿ ಬೆಳೆದವನು. ಹಸು ತಪ್ಪಿಸಿಕೊಂಡಾಗ ಮಲಗಿದ್ದೆಯಾ ಎಂದು ಎಲ್ಲರೂ ಸೇರಿ ಕೇಳಿದರು. ಹಿಂದಿನ ರಾತ್ರಿಯೆಲ್ಲ ಕರು ಹಾಕುವ ಹಸುವಿನ ಹತ್ತಿರ ಎಚ್ಚರವಿದ್ದವನು, "ಕಣ್ಣು ಮುಚ್ಚಿತ್ತೇನೋ, ನಂಗೇ ಗೊತ್ತಿಲ್ಲ" ಎಂದ. ಅಷ್ಟೇ ಸಾಕಾಯಿತು. ಕಂಬಳಿಯಿಂದ ಇಳಿಸಿದರು. ಅವನು ಹೆಂಡತಿಯನ್ನು ಕರೆದುಕೊಂಡು ಆಂಡಿಪಟ್ಟಿಯ ಕಡೆ ಹೋಗಿ, ಯಾರದೋ ಆಡು ಮೇಯಿಸಿಕೊಂಡು ಬದುಕುತ್ತಿದ್ದ.

"ಆವತ್ತು ಆ ಕಂಬಳಿ ಮೇಲೆ ನಾನೂ ಕೂತಿದ್ದೆ" ಎಂದ ತಾತ. "ಹಸು ಸತ್ತಿದ್ದು ಕೈತಪ್ಪಿ. ಬಾಯಿ ಮುಚ್ಕೊಂಡಿದ್ದು ಕೈತಪ್ಪಿ ಅಲ್ಲ."

ಅಪ್ಪ ಸಿಟ್ಟಿನಿಂದ ಎದ್ದು ನಿಂತ. "ಈಗ ಯಾಕಪ್ಪ ಇದು? ಸ್ನಾನ ತಗೊಂಡಾಗ ಎಲ್ಲ ತೊಳೆದೋಯ್ತು ಅಂತ ಇವರೇ ಹೇಳಿದ್ರಲ್ಲ! ಊರಿಗೆ ಗೊತ್ತಾದ್ರೆ ಏನಂತದೆ? ಹಸು ಕೊಂದೋನು ಬಚ್ಚಿಟ್ಕೊಳ್ಳೋಕೆ ವೇದಕ್ಕೆ ಹೋದ ಅಂತದೆ. ನೀರಿನ ಸರದಿ ಬೇರೆ ಅವರ ಕೈಲದೆ."

ಉಪದೇಶಿಯವರು ತಾತನನ್ನೇ ಕೇಳಿದರು. "ನಿಮ್ಮ ಪಾಪ ಹೊರುವುದಕ್ಕೆ ಒಬ್ಬರು ತಾವಾಗಿಯೇ ಬಂದರು. ನಂಬುತ್ತೀರಾ?"

"ನಂಬ್ತೀನಿ."

"ಅವರು ಹೊತ್ತ ಮೇಲೆ ಅದು ಕೆಂಪಣ್ಣನ ತಲೆಯ ಮೇಲೆ ಯಾಕಿದೆ? ಅವನು ತಾನಾಗಿ ಬಂದವನಲ್ಲ. ಮೊದಲು ಅವನ ತಲೆಯಿಂದ ಇಳಿಸಿ."

ಹೇಳಿ, ಇನ್ನೊಂದು ಪಣಿಯಾರ ಕೊಡಮ್ಮ ಎಂದು ಎಲೆಯನ್ನು ಮುಂದೆ ಸರಿಸಿದರು. ಆಮೇಲೆ ನಾನು ಪಾಪಕ್ಷಮೆಯ ಬಗ್ಗೆ ಎಷ್ಟೋ ವಿದ್ವಾಂಸರ ಉಪನ್ಯಾಸಗಳನ್ನು ಕೇಳಿದ್ದೇನೆ. ಈ ಮಾತಿಗಿಂತ ಹೆಚ್ಚಿನದನ್ನು ಯಾರೂ ಹೇಳಲಿಲ್ಲ.

ಅಪ್ಪ ಗಾಡಿ ಕಟ್ಟುವುದಿಲ್ಲ ಎಂದ. ಬೆಳಗಿನ ಜಾವ ತಾತ ತಾನೇ ಎತ್ತು ಹೂಡಿ, ನನ್ನನ್ನು ಎತ್ತಿ ಹುಲ್ಲಿನ ಮೇಲೆ ಕೂರಿಸಿದ. ಅಮ್ಮ ರೊಟ್ಟಿ, ಹುರುಳಿ ಚಟ್ನಿಯ ಗಂಟು ಕೊಡುತ್ತ ಕೇಳಿದಳು: "ಕೂಸು ಯಾಕೆ ಮಾವ, ಈ ಚಳೀಲಿ?"

"ಕೂಸು ಪಕ್ಕದಲ್ಲಿದ್ರೆ ಅವನು ಬೇಗ ಕೈ ಎತ್ತಲ್ಲ ಕಣವ್ವ" ಎಂದ ತಾತ. ತಮಾಷೆಗೆ ಹೇಳಿದ್ದಲ್ಲ.

ತೇನಿ ದಾಟಿದ ಮೇಲೆ ಗದ್ದೆಗಳ ಹಸಿರು ಹಿಂದೆ ಉಳಿಯಿತು. ಕೆಂಪು ಮಣ್ಣು, ಜಾಲಿ ಮರ, ಒಣ ಗಾಳಿ. ದಾರಿಯ ಛತ್ರದಲ್ಲಿ ಮಲಗಿ ಎದ್ದು, ಮಾರನೆಯ ದಿನ ಬಿಸಿಲೇರುವಾಗ ಆಂಡಿಪಟ್ಟಿಯ ಹೊರಗಿನ ಒಂದು ಬಯಲಲ್ಲಿ ಅವನನ್ನು ಕಂಡೆವು. ತೆಳ್ಳಗಿನ ಎತ್ತರದ ಮುದುಕ. ಕೋಲಿಗೆ ಗಲ್ಲ ಊರಿ, ಒಂಟಿ ಕಾಲಲ್ಲಿ ನಿಂತಿದ್ದ.

"ಯಾರು, ರಂಗನಾ?" ಎಂದ. "ವೇದದಲ್ಲಿ ಚೆನ್ನಾಗಿ ಕೂಳು ಹಾಕ್ತಾರೆ ಅನ್ನು. ಹೊಟ್ಟೆ ಬಂದದೆ ನಿಂಗೆ."

"ಕೂತ್ಕೋ ಕೆಂಪಣ್ಣ. ಒಂದು ಮಾತದೆ."

"ಕೂತ್ರೆ ಕಣ್ಣು ಎಳೀತದೆ. ನಿಂತೇ ಕೇಳ್ತೀನಿ, ಹೇಳು."

ತಾತ ನಿಂತೇ ಹೇಳಿದ. ಸುತ್ತಿ ಬಳಸಲಿಲ್ಲ: ಅಟ್ಟಣೆ, ಕವಣೆ, ಹಸು, ಹಳ್ಳ, ಆಮೇಲೆ ಕಂಬಳಿ. ಕೆಂಪಣ್ಣನ ಕೈ ಕೋಲಿನ ಮೇಲೆ ಬಿಗಿಯಾಯಿತು. ನಾನು ತಾತನ ಪಂಚೆ ಹಿಡಿದುಕೊಂಡೆ.

"ಇನ್ನೊಂದು ಸಲ ಹೇಳು."

ತಾತ ಇನ್ನೊಂದು ಸಲ ಹೇಳಿದ.

"ಆ ಹೊತ್ತಿಗೆ ನಾನೆಲ್ಲಿದ್ದೆ?"

"ಹಳ್ಳದ ಆ ಕಡೆ, ಮಂದೆ ಮುಂದೆ. ಆ ಹಸುವನ್ನೇ ಹೆಸರು ಹಿಡಿದು ಕೂಗ್ತಿದ್ದೆ. ನಾನು ಹಳ್ಳಕ್ಕೆ ಇಳೀವಾಗ ನಂಗೆ ಕೇಳಿಸ್ತಿತ್ತು."

"ಕೂಗ್ತಿದ್ನಾ?"

"ಕೂಗ್ತಿದ್ದೆ."

"ಹಂಗಾದ್ರೆ ನಾನು ಮಲಗಿರ್ಲಿಲ್ಲ" ಎಂದ ಕೆಂಪಣ್ಣ. ತಾತನಿಗೆ ಹೇಳಿದ್ದಲ್ಲ. ಆಡುಗಳ ಕಡೆ ನೋಡುತ್ತ ತನಗೇ ಹೇಳಿಕೊಂಡ. ಆಮೇಲೆ ತಿರುಗಿದ. "ದಿನಾ ಸಾಮಿ ಮುಂದೆ ಗಲ್ಲ ಬಡ್ಕೊಂಡಿದೀನಿ ಕಣೋ. ಆವತ್ತಿಂದ ಹಗಲು ಹೊತ್ತು ಕಣ್ಣು ಮುಚ್ಚಿಲ್ಲ. ಜ್ವರ ಬಂದ್ರೆ ಮರಕ್ಕೆ ಒರಗಿ ನಿಂತಿದೀನಿ. ಊರು ಬಿಡ್ಸಿದ್ದು ಹೋಗ್ಲಿ. ನನ್ನ ಮೇಲೆ ನಂಗೇ ನಂಬಿಕೆ ಇಲ್ಲದಂಗೆ ಮಾಡ್ದೆಯಲ್ಲೋ ರಂಗಾ!"

ತಾತ ಬಗ್ಗಿ ಅವನ ಪಾದದ ಮುಂದಿನ ಮಣ್ಣು ಮುಟ್ಟಿದ. "ನಿಂಗೆ ಮನಸ್ಸು ಬಂದ್ರೆ ಮನ್ನಿಸು. ಬರದಿದ್ರೂ ಊರಲ್ಲಿ ಹೇಳೇ ಹೇಳ್ತೀನಿ."

ಕೆಂಪಣ್ಣ ತನ್ನ ಕೋಲನ್ನು ನನ್ನ ಕೈಗೆ ಕೊಟ್ಟ. "ಕೂಸೇ, ಆಡು ಕಾಳಿನ ಅಂಬಾರದ ಕಡೆ ಹೋಗದಂಗೆ ನೋಡ್ಕೋ" ಎಂದು, ತಲೆಯ ವಸ್ತ್ರ ಬಿಚ್ಚಿ ಜಾಲಿ ಮರದ ಅರೆನೆರಳಲ್ಲಿ ಹಾಸಿ, ಮಲಗಿಬಿಟ್ಟ. ಹೊತ್ತು ನೆತ್ತಿಯ ಮೇಲಿತ್ತು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ಆ ಮಧ್ಯಾಹ್ನವೆಲ್ಲ ತಾತನೂ ನಾನೂ ಆಡು ಕಾದೆವು. ತಾತನಿಗೆ ಎತ್ತಿನ ಅಭ್ಯಾಸವೇ ಹೊರತು ಆಡಿನದಲ್ಲ. ಅವನು ಒಂದು ಕಡೆ ತಿರುಗಿಸಿದರೆ ಅವು ಇನ್ನೊಂದು ಕಡೆ ಹೋಗುತ್ತಿದ್ದವು. ಒಂದು ಹೋತ ಅವನ ವಲ್ಲಿಯ ಅಂಚನ್ನೇ ತಿಂದುಹಾಕಿತು. ಮುಳ್ಳು ಚುಚ್ಚಿ ಅವನ ಕಾಲಿಂದ ರಕ್ತ ಬರುತ್ತಿತ್ತು. ಕೆಂಪಣ್ಣನಿಗೆ ಎಚ್ಚರವಾಗುತ್ತದೆಂದು ಕೂಗದೆ ಓಡಾಡುತ್ತಿದ್ದ.

ನೆರಳು ಉದ್ದವಾದ ಮೇಲೆ ಕೆಂಪಣ್ಣ ಎದ್ದು ಕೂತ. "ಎಬ್ಬಿಸೋಕೇನಾಗಿತ್ತು?"

"ನಿನ್ನ ಯಾರು ಎಬ್ಬಿಸ್ತಾರೆ?"

"ದೊಡ್ಡ ಕಳ್ಳ ಕಣೋ ನೀನು."

"ಹೌದು."

"ಆಡು ಒಪ್ಪಿಸಿ, ಮನೇಲಿ ಹೇಳಿ ಬತ್ತೀನಿ. ಗಾಡಿ ಕಟ್ಟು."

ಊರಿನ ಗೌಡರು ಮೊದಲು ಒಪ್ಪಲಿಲ್ಲ. "ಕಂಬಳಿ ಬಿಟ್ಟು ಹೋದೋನು ನೀನು. ನಿಂಗೆ ಹೆಂಗೆ ಹಾಸೋದು?" ಎಂದರು.

"ನಂಗಲ್ಲ. ಕೆಂಪಣ್ಣನಿಗೆ ಹಾಸಿ. ನಾನು ಮಣ್ಣಿನ ಮೇಲೆ ನಿಂತು ಹೇಳ್ತೀನಿ."

ಬೇವಿನ ಮರದ ಕೆಳಗೆ ಕಂಬಳಿ ಬಿತ್ತು. ಊರೆಲ್ಲ ಸೇರಿತ್ತು. ತಾತ ಆಂಡಿಪಟ್ಟಿಯಲ್ಲಿ ಹೇಳಿದ್ದನ್ನೇ ಹೇಳಿದ. ಗುಂಪಿನ ಹಿಂದಿನಿಂದ ಒಬ್ಬಳು ಕೂಗಿದಳು: "ಹಸು ಕೊಂದ ಕೈಗೂ ರೊಟ್ಟಿ ಕೊಡ್ತದೇನೋ ನಿಮ್ಮ ವೇದ?"

"ಕೊಡ್ತದಂತವ್ವ" ಎಂದ ತಾತ. "ನಾನೇ ಇನ್ನೂ ತಗೊಂಡಿಲ್ಲ. ಇವನು ಕಂಬಳಿ ಹತ್ತಲಿ ಅಂತ ಕಾಯ್ತಿದೀನಿ."

ಯಾರೋ ನಕ್ಕರು, ಯಾರೋ ಉಗುಳಿದರು. ಆಗ ಗುಂಪನ್ನು ಸೀಳಿಕೊಂಡು ಅಪ್ಪ ಬಂದ. ಯಾರ ಮುಖವನ್ನೂ ನೋಡದೆ ತಾತನ ಪಕ್ಕದಲ್ಲಿ ನಿಂತ. ಅಪ್ಪನ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಹೆಮ್ಮೆಯಾದದ್ದು ಆವತ್ತೇ.

ಗೌಡರು ಕೆಂಪಣ್ಣನ ಕೈಹಿಡಿದು ಕಂಬಳಿಗೆ ಹತ್ತಿಸಿ, ಚೊಂಬಿನ ನೀರು ಕೊಟ್ಟರು. ಅವನು ಕುಡಿಯುವಾಗ ಗಂಟಲ ಸದ್ದು ನಮಗೆಲ್ಲ ಕೇಳಿಸಿತು. "ಇವನಿಗೇನು ದಂಡ? ನೀನೇ ಹೇಳು" ಎಂದರು ಗೌಡರು.

ಕೆಂಪಣ್ಣ ಬಾಯಿ ಒರೆಸಿಕೊಂಡ. "ನನ್ನ ಆಡು ಕಾಯ್ದಿದಾನೆ. ಒಂದು ಮಧ್ಯಾನ."

"ಅಷ್ಟು ವರ್ಷಕ್ಕೆ ಒಂದು ಮಧ್ಯಾನವಾ?"

"ಹೋಗಿದ್ದು ನನ್ನ ವರ್ಷ ಗೌಡರೇ. ಸಾಕು ಅನ್ನೋದೂ ನಂದೇ. ಸಾಕು."

ಆದರೂ ಊರು ಪೂರ್ತಿ ಬಿಡಲಿಲ್ಲ. ಆ ಬೇಸಿಗೆಯಲ್ಲಿ ನಮ್ಮ ನೀರಿನ ಸರದಿಯನ್ನು ಎಲ್ಲರ ಕೊನೆಗೆ ತಳ್ಳಿದರು. ಎರಡನೆಯ ಬೆಳೆಯಲ್ಲಿ ಜೊಳ್ಳೇ ಹೆಚ್ಚಾಯಿತು. ಅಪ್ಪ ಗೊಣಗಿದಾಗ ತಾತ, "ದೇವರು ಬಿಟ್ರು, ಕೆಂಪಣ್ಣ ಬಿಟ್ಟ. ಊರು ಸ್ವಲ್ಪ ಇಟ್ಕೊಳ್ಳಲಿ ಬಿಡು" ಎಂದ. ಕೆಂಪಣ್ಣ ವೇದಕ್ಕೆ ಬರಲಿಲ್ಲ. ತಾತ ಕರೆಯಲೂ ಇಲ್ಲ ಎಂದು ನೆನಪು. ಪೊಂಗಲಿನಲ್ಲಿ ಅವನು ಮಂದೆಯ ಮುಂದೆ ನಡೆದ. ದಣಿವಾದಾಗ ನಮ್ಮ ಜಗಲಿಯ ಮೇಲೆ, ನಟ್ಟ ನಡುಹಗಲಲ್ಲಿ, ಕಾಲು ಚಾಚಿ ಮಲಗುತ್ತಿದ್ದ.

ಇದಕ್ಕೆಲ್ಲ ಮುಂಚೆ, ಆ ಕ್ರಿಸ್ಮಸ್ಸಿನ ದಿನ ರೊಟ್ಟಿಯ ತಟ್ಟೆ ಬಂದಾಗ ತಾತ ಏಳಲಿಲ್ಲ. ಅವನ ಎರಡೂ ಅಂಗೈ ಮುಂದೆ ಬಂದದ್ದನ್ನು ನೋಡಿದೆ. ಮುಖ ನೋಡಲಿಲ್ಲ, ಅದು ಅವನದು. ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ, "ಉಪ್ಪು ಕಮ್ಮಿ ಕಣ ಕೂಸೇ" ಎಂದ.

ಈಗ ಅವರಿಬ್ಬರೂ ಇಲ್ಲ. ಊರಿನಲ್ಲಿ ವೇದಕಾರರಿಗೆ ಬೇರೆ ಬೀದಿಯಾಗಿದೆ. ಆ ಬೀದಿಯ ಮಕ್ಕಳು ಮನೆಯಲ್ಲೂ ತಮಿಳೇ ಆಡುತ್ತಾರೆ, ಕಂಬಳಿಯ ನ್ಯಾಯವನ್ನು ಯಾರೂ ನೋಡಿಲ್ಲ. ನಾನು ಮದರಾಸಿಗೆ ಬಂದು ಓದಿದೆ, ಇಲ್ಲಿಯೇ ಕೆಲಸದಲ್ಲಿದ್ದೇನೆ. ದೇವರ ಕರುಣೆ ಅಗ್ಗವೆಂದು ನನಗೆ ಯಾರೂ ಕಲಿಸಲಿಲ್ಲ. ಅದು ಸಿಕ್ಕೇ ಸಿಗುತ್ತದೆ ಎಂಬುದರಲ್ಲಿ ನನಗೆ ಸಂದೇಹವೂ ಇಲ್ಲ. ಎರಡನ್ನೂ ನಾನು ಒಂದು ಜಾಲಿ ಮರದ ಕೆಳಗೆ ಕಂಡವಳು.

ಇಲ್ಲಿಯ ಗುಡಿ ಕಲ್ಲಿನದು, ದೊಡ್ಡದು. ಭಾನುವಾರ ನಾವೆಲ್ಲ ಮೊಣಕಾಲೂರಿ, ಪಾಪ ಮಾಡಿದ್ದೇವೆ ಎಂದು ಒಂದೇ ದನಿಯಲ್ಲಿ ಚೆನ್ನಾಗಿ ಹೇಳುತ್ತೇವೆ. ಅದರಲ್ಲಿ ಹಸು ಇರುವುದಿಲ್ಲ, ಹಳ್ಳ ಇರುವುದಿಲ್ಲ, ಯಾರ ಹೆಸರೂ ಇರುವುದಿಲ್ಲ. ಹೇಳಿ ಮುಗಿಸಿ, ಹೊತ್ತಿಗೆ ಸರಿಯಾಗಿ ಊಟಕ್ಕೆ ಮನೆಗೆ ಹೋಗುತ್ತೇವೆ.